ಕೋಣೆಗೆ ಜ್ವರ ಬಂದ ಆಟಿ

ಕಳೆದ ವಾರ ಪಾಣೆಮಂಗಳೂರಿನ ಪೇಟೆಯಲ್ಲಿ ಗಾಜಿನ ಸಾಮಾನಿನ ಅಂಗಡಿಯೊಂದರ ಮುಂದೆ ಹಾದುಹೋಗುತ್ತಿದ್ದೆ. ಅಂಗಡಿಯವರು ಮರದ ಪೆಟ್ಟಿಗೆ ಬಿಚ್ಚಿ ಲೋಟಗಳನ್ನು ಹೊರಗೆ ತೆಗೆಯುತ್ತಿದ್ದರು. ಲೋಟಗಳ ನಡುವೆ ತುರುಕಿದ್ದ ಬೈಹುಲ್ಲು ರಸ್ತೆ ಬದಿಯ ಬಿಸಿಲಿಗೆ ಬಿದ್ದು ಬೆಚ್ಚಗಾಗಿತ್ತು. ಅದರ ವಾಸನೆ ಮೂಗಿಗೆ ಬಂದದ್ದೇ ನಾನು ನಿಂತೆ. ಅಂಗಡಿಯವರು "ಎಂತ ಬೇಕು ಮಾಷ್ಟ್ರೇ?" ಎಂದು ಎರಡು ಸಲ ಕೇಳಿದರು. ನಿವೃತ್ತ ವಿಜ್ಞಾನದ ಮೇಷ್ಟ್ರೊಬ್ಬ ನಡುಬೀದಿಯಲ್ಲಿ ನಿಂತು ಹುಲ್ಲು ಮೂಸುತ್ತಿದ್ದಾನೆ ಎಂದು ಊರಿಗೆ ತಿಳಿಯಬಾರದೆಂದು ಅರ್ಧ ಡಜನ್ ಲೋಟ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಲೋಟಗಳಿಗೆ ಬರಗಾಲವೇನೂ ಬಂದಿರಲಿಲ್ಲ ಎಂಬುದನ್ನು ನನ್ನ ಹೆಂಡತಿ ವಿವರವಾಗಿ ತಿಳಿಸಿಕೊಟ್ಟಳು.

ಬೆಚ್ಚಗಿನ ಬೈಹುಲ್ಲಿನ ವಾಸನೆ ಎಂದರೆ ನನಗೆ ಮೂರು ವರ್ಷದ ಹಿಂದಿನ ಆಟಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಲೆಕ್ಕದಲ್ಲಿ ಆಟಿ ತಿಂಗಳು. ಮಳೆಯೊಂದು ಹೇರಳ, ಉಳಿದದ್ದೆಲ್ಲ ಕಡಿಮೆ. ಆ ತಿಂಗಳಲ್ಲಿ ನಾವು ಕೆಲವರು ಸೇರಿ ಒಂದು ಕೋಣೆಯೊಳಗಿನ ಬಿಸಿ ಹೊರಗೆ ಹೋಗದ ಹಾಗೆ ತಡೆಯುವ ಮಹಾಕಾರ್ಯಕ್ಕೆ ಕೈ ಹಾಕಿದೆವು.

ಈ ಮಾತು ಕೇಳಿದರೆ ನಮ್ಮ ಕಡೆಯವರು ನಗುತ್ತಾರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ನಡುವೆ ಹುಟ್ಟಿದ ಮನುಷ್ಯ ಜೀವಮಾನವಿಡೀ ಮಾಡುವ ಪ್ರಯತ್ನ ಒಂದೇ: ಮನೆಯೊಳಗಿನ ಸೆಕೆಯನ್ನು ಹೇಗಾದರೂ ಹೊರಗೆ ಅಟ್ಟುವುದು. ಕಿಟಕಿಗೆ ಎದುರು ಕಿಟಕಿ, ಬಾಗಿಲಿಗೆ ಎದುರು ಬಾಗಿಲು, ಮಾಡಿನ ಕೆಳಗೆ ಸಾಲಾಗಿ ಗಾಳಿಕಂಡಿ. ಬಂದ ನೆಂಟರಿಗೆ ನೀರು ಬೆಲ್ಲ ಕೊಡುವ ಮೊದಲು ಫ್ಯಾನ್ ಹಾಕುವ ಜನ ನಾವು. ಹೊಸ ಮನೆ ನೋಡಿ ಬಂದವರು "ಮನೆ ಹೇಗುಂಟು?" ಎಂದು ಕೇಳಿದರೆ "ಗಾಳಿ ಲಾಯ್ಕ ಬರ್ತದೆ" ಎನ್ನುತ್ತಾರೆ. ಅಲ್ಲಿಗೆ ವರದಿ ಮುಗಿಯಿತು. ಇಂಥ ನಾಡಿನಲ್ಲಿ ಬಿಸಿಯನ್ನು ಕೂಡಿಹಾಕುತ್ತೇನೆ ಎಂದು ಹೊರಟವಳು ಸುನಂದಾ.

ಸುನಂದಾ ಎಂಟನೆಯ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಒಂಬತ್ತನೆಯ ತರಗತಿಗೆ ಬಾರದೆ ಬೀಡಿ ಕಟ್ಟಲು ಕೂತವಳು. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವಳ ಮಡಿಲಿನಲ್ಲಿ ಎಲೆ, ಹೊಗೆಸೊಪ್ಪು ತುಂಬಿದ ಮೊರವನ್ನು, ನಮ್ಮ ಕಡೆಯ ತಡ್ಪೆಯನ್ನು, ಬಿಟ್ಟು ಬೇರೆ ಏನನ್ನೂ ನಾನು ಕಂಡ ನೆನಪಿಲ್ಲ. ಬಸ್ಸಿಗೆ ಕಾಯುವಾಗ ಸಹ ಅವಳ ಬೆರಳುಗಳು ಇಲ್ಲದ ಎಲೆಯನ್ನು ಸುತ್ತುತ್ತಿದ್ದವು. ಆ ವರ್ಷ ಬೇಸಿಗೆಯಲ್ಲಿ ಅವಳ ಕೆಮ್ಮು ನಿಲ್ಲದೆ, ಮೂಡುಬಿದಿರೆಯ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಇನ್ನು ಹೊಗೆಸೊಪ್ಪಿನ ಧೂಳು ಸಾಕು ಎಂದರು. ಸುನಂದಾ ನೆರೆಕರೆಯ ನಾಲ್ವರು ಹೆಂಗಸರನ್ನು ಕೂಡಿಸಿ ಹಲಸಿನ ಹಪ್ಪಳ ಮಾಡುವುದೆಂದು ತೀರ್ಮಾನಿಸಿದಳು. ತೀರ್ಮಾನವನ್ನು ನನಗೆ ತಿಳಿಸಲು ಬಂದಾಗ ನಾನು ಸಹಜವಾಗಿ ಉಪದೇಶ ಕೊಟ್ಟೆ.

"ಹಪ್ಪಳ ಬೇಸಿಗೆಯ ಕೆಲಸ. ಮಳೆಗಾಲದಲ್ಲಿ ಎಂತ ಮಾಡ್ತೀ?"

"ಮಳೆಗಾಲದಲ್ಲೂ ಹಪ್ಪಳವೇ ಮಾಷ್ಟ್ರೇ. ಬೇಸಿಗೆಯಲ್ಲಿ ಯಾರು ಬೇಕಾದ್ರೂ ಮಾಡ್ತಾರೆ, ಸೂರ್ಯ ಎಲ್ಲರ ಅಂಗಳಕ್ಕೂ ಬರ್ತಾನೆ. ಐದು ತಿಂಗಳು ಹಪ್ಪಳ, ಏಳು ತಿಂಗಳು ಬೀಡಿ ಅಂದ್ರೆ ಅದು ಬೀಡಿ ಬಿಟ್ಟ ಹಾಗೆ ಆಯ್ತಾ? ಹಲಸು ಮುಗಿದರೆ ಅಕ್ಕಿದು ಮಾಡುವ, ಅದಾದ ಮೇಲೆ ಬಾಳೆಕಾಯಿದು. ಒಣಗಿಸ್ಲಿಕ್ಕೆ ಒಂದು ಕೋಣೆ ಸಿಕ್ಕಿದ್ರೆ ಸಾಕು."

ಕೋಣೆ ಇದ್ದದ್ದು ಪದ್ಮರಾಜರ ಹತ್ತಿರ. ಊರಿನ ಹಳೆಯ ಜೈನ ಮನೆತನದವರು, ಮಾತು ಮೆಲ್ಲಗೆ, ನಿಯಮ ಗಟ್ಟಿ. ಸೂರ್ಯಾಸ್ತದ ನಂತರ ಅವರ ಬಾಯಿಗೆ ನೀರನ್ನು ಬಿಟ್ಟು ಬೇರೇನೂ ಹೋಗುವುದಿಲ್ಲ. ರಸ್ತೆ ಬದಿಯಲ್ಲಿ ಅವರದೊಂದು ಒಂಟಿ ಕೋಣೆ, ಮುರಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಸಣ್ಣ ಜಗಲಿ. ಹಿಂದೆ ತೆಂಗಿನಕಾಯಿ ರಾಶಿ ಹಾಕುತ್ತಿದ್ದದ್ದು ಈಗ ಖಾಲಿ ಬಿದ್ದಿತ್ತು. ನಾನೂ ಸುನಂದಾಳೂ ಹೋಗಿ ಕೇಳಿದೆವು. ಅವಳು ಅವರ ಜಗಲಿಯ ಕೆಳಗೆ, ಮೆಟ್ಟಿಲ ಹತ್ತಿರ, ಸೆರಗು ಹಿಡಿದುಕೊಂಡು ನಿಂತಿದ್ದಳು.

"ಕೊಡ್ಲಿಕ್ಕೆ ನನಗೆ ಸಂತೋಷವೇ" ಎಂದರು ಪದ್ಮರಾಜರು. "ಆದರೆ ಶಾಮಿಯಾನದವರೂ ಕೇಳಿದ್ದಾರೆ, ಅವರ ಕುರ್ಚಿ ಕಂಬ ಎಲ್ಲ ಇಡ್ಲಿಕ್ಕೆ. ಅವರಿಗೆ ಬೇಕಾದದ್ದು ಆಟಿ ಕಳೆದ ಮೇಲೆ. ಹಾಗಾಗಿ ಒಂದು ಕೆಲಸ ಮಾಡುವ. ಅಲ್ಲಿವರೆಗೆ ಕೋಣೆ ನೀವು ಉಪಯೋಗಿಸಿ. ಆಟಿ ಮುಗಿಯುವ ಸೋಣ ಸಂಕ್ರಮಣದ ದಿವಸ, ನೀವು ಮಳೆಗಾಲದಲ್ಲಿ ಒಣಗಿಸಿದ ಹಪ್ಪಳ ನಾನು ತಿನ್ನುವ ಹಾಗಿದ್ದರೆ ಕೋಣೆ ನಿಮಗೆ."

"ತಿನ್ನುವ ಹಾಗೆ ಅಂದ್ರೆ?" ಎಂದಳು ಸುನಂದಾ.

"ಹದಿನೈದು ದಿವಸ ಡಬ್ಬಿಯಲ್ಲಿ ಇಟ್ಟು ನೋಡುವುದು. ಒಂದು ಚುಕ್ಕಿ ಬೂಷ್ಟು ಬಂದರೂ ಅದರಲ್ಲಿ ಜೀವ ಉಂಟು ಅಂತ ನಮ್ಮ ಲೆಕ್ಕ. ಜೀವ ಇದ್ದದ್ದನ್ನು ನಮ್ಮಲ್ಲಿ ಎಣ್ಣೆಗೆ ಹಾಕುವುದಿಲ್ಲ."

ಹಪ್ಪಳಕ್ಕೆ ಇಷ್ಟು ಕಠಿಣವಾದ ಪರೀಕ್ಷೆಯನ್ನು ಈವರೆಗೆ ಯಾವ ಬೋರ್ಡೂ ಇಟ್ಟದ್ದಿಲ್ಲ. ಆಟಿಯ ಕೊನೆಗೆ ಹದಿನೈದು ದಿನ ಡಬ್ಬಿಯಲ್ಲಿ ಇರಬೇಕಾದರೆ ಆಟಿಯ ನಡುವಿಗೆ ಹಪ್ಪಳ ಸಿದ್ಧವಾಗಿರಬೇಕು. ಆಗದಿದ್ದರೆ ಕೋಣೆ ಕುರ್ಚಿಗಳಿಗೆ, ಸುನಂದಾ ಮತ್ತೆ ತಡ್ಪೆಗೆ. ಅವಳು ಒಪ್ಪಿದಳು. ಮರುದಿನವೇ ಎಲೆ ಕೊಟ್ಟು ಬೀಡಿ ಕೊಳ್ಳುವ ಕಂಪೆನಿಯ ಬ್ರಾಂಚಿಗೆ ಹೋಗಿ, ಇನ್ನು ಎಲೆ ಬೇಡ ಎಂದು ಹೇಳಿ ಬಂದಳೆಂದು ಕೇಳಿ ನನಗೆ ಹೆದರಿಕೆಯಾಯಿತು. ಯಾಕೆಂದರೆ ಅಷ್ಟರಲ್ಲಿ ಈ ಯೋಜನೆಯ ತಾಂತ್ರಿಕ ಸಲಹೆಗಾರನ ಹುದ್ದೆಯನ್ನು ನನಗೆ ನಾನೇ ಕೊಟ್ಟುಕೊಂಡಿದ್ದೆ.

ಮೂವತ್ತು ಚಿಲ್ಲರೆ ವರ್ಷ ಉಷ್ಣದ ಪಾಠ ಮಾಡಿದವನು ನಾನು. ವಹನ, ಸಂವಹನ, ವಿಕಿರಣ ಎಂದು ನಿದ್ದೆಯಲ್ಲಿಯೂ ಕ್ರಮ ತಪ್ಪದೆ ಹೇಳಬಲ್ಲೆ. ಆ ಜ್ಞಾನದ ಬಲದಿಂದ ನಾನು ಮಾಡಿದ ಮೊದಲ ಕೆಲಸವನ್ನು ಈಗ ಬರೆಯಲು ಲೇಖನಿ ಸಂಕೋಚಪಡುತ್ತದೆ. ಕೋಣೆಗೆ ಇದ್ದದ್ದು ನಾಲ್ಕು ಕಿಟಕಿ. ಒಣಗಬೇಕಾದರೆ ಗಾಳಿ ಬೇಕಲ್ಲವೇ ಎಂದು ಮೇಸ್ತ್ರಿಯನ್ನು ಕರೆಸಿ ಇನ್ನೆರಡು ಕಿಟಕಿ ಒಡೆಸಿದೆ. ಮೇಸ್ತ್ರಿ ಮಹದಾನಂದದಿಂದ ಒಪ್ಪಿ, "ಮೇಲೆ ನಾಲ್ಕು ಗಾಳಿಕಂಡಿಯೂ ಇಡುವ ಮಾಷ್ಟ್ರೇ" ಎಂದ. ಇಟ್ಟೆವು. ಸುನಂದಾ ನೋಡಿ "ಗಾಳಿ ಲಾಯ್ಕ ಬರ್ತದೆ" ಎಂದಳು. ಪದ್ಮರಾಜರು ಬಂದು ನೋಡಿ, "ಗಾಳಿ ಒಳ್ಳೇದಿದೆ" ಎಂದರು. ಬಿಸಿಕೋಣೆಯೊಂದಕ್ಕೆ ಆರು ಕಿಟಕಿ ಇಡುವ ತಪ್ಪನ್ನು ನಾವೆಲ್ಲರೂ ಸರ್ವಾನುಮತದಿಂದ ಮಾಡಿದೆವು ಎಂಬುದನ್ನು ದಾಖಲೆಗಾಗಿ ಹೇಳಿಡುತ್ತೇನೆ.

ಹೊರಗಿನ ಗೋಡೆಗೆ ಒತ್ತಿ ಒಂದು ಒಲೆ. ಅದರ ಹೊಗೆ ತಗಡಿನ ಕೊಳವೆಯಲ್ಲಿ ಕೋಣೆಯ ನೆಲದುದ್ದಕ್ಕೂ ಹಾದು ಆಚೆ ಗೋಡೆಯಿಂದ ಮೇಲೆ ಹೋಗಬೇಕು. ಹೊಗೆ ಹಪ್ಪಳಕ್ಕೆ ತಾಗದೆ, ಕೊಳವೆಯ ಬಿಸಿ ಮಾತ್ರ ಒಳಗೆ ಉಳಿಯಬೇಕು. ಜೂನಿನ ಮೊದಲ ಮಳೆಗೆ ತೆಂಗಿನ ಗೆರಟೆ ತುಂಬಿ ಒಲೆ ಹಚ್ಚಿದೆವು. ಹೆಂಗಸರು ತಡವಾಗಿ ಬಲಿತ ಹಲಸಿನಕಾಯಿ ತಂದು, ತೊಳೆ ಬೇಯಿಸಿ, ಗುದ್ದಿ, ಖಾರ ಉಪ್ಪು ಸೇರಿಸಿ, ಮಣೆಯಲ್ಲಿ ಒತ್ತಿ, ಚಾಪೆಗಳ ಮೇಲೆ ಹಪ್ಪಳ ಹರಡಿದರು. ಕೋಣೆಯ ಶಾಖ ಅಳೆಯಲು ನನ್ನ ಬಳಿ ಇದ್ದದ್ದು ಮನೆಯಲ್ಲಿ ಜ್ವರ ನೋಡುವ ಹಳೆಯ ಥರ್ಮಾಮೀಟರ್. ಅದನ್ನು ಗೋಡೆಯ ಮೊಳೆಗೆ ತೂಗುಹಾಕಿದೆ. ಪಾದರಸ ಇದ್ದಲ್ಲಿಂದ ಅಲ್ಲಾಡಲಿಲ್ಲ. ಕೋಣೆಗೆ ಜ್ವರ ಬರಲಿಲ್ಲ.

ಹಪ್ಪಳ ಮೊದಲ ದಿನ ಮೆತ್ತಗಿತ್ತು. ಎರಡನೆಯ ದಿನವೂ ಮೆತ್ತಗಿತ್ತು. ಮೂರನೆಯ ದಿನ ಹಸಿರಾಗಿತ್ತು.

ಇನ್ನಷ್ಟು ಗೆರಟೆ ಹಾಕಿದೆವು. ಊರಿನ ಗೆರಟೆಯೆಲ್ಲ ಮುಗಿದು ಪಕ್ಕದ ಊರಿನದಕ್ಕೆ ಕೈ ಹಾಕಿದೆವು. ಒಂದು ಇಡೀ ತಿಂಗಳು ಹೀಗೆಯೇ ಹೋಯಿತು. ಹೊರಗೆ ಒಲೆಯ ಮುಂದೆ ಕೂತವರಿಗೆ ಬೆವರು, ಒಳಗಿನ ಹಪ್ಪಳಕ್ಕೆ ಚಳಿ. ದಾರಿಯಲ್ಲಿ ಹೋಗುವವರು "ಮಾಷ್ಟ್ರೇ, ಮಳೆಯನ್ನು ಒಣಗಿಸ್ತಾ ಇದ್ದೀರಾ?" ಎಂದು ಕೇಳತೊಡಗಿದರು. ಸುನಂದಾ ಹಾಳಾದ ಹಪ್ಪಳವನ್ನು ಬುಟ್ಟಿಗೆ ತುಂಬಿ ಹಿಂದಿನ ಹೊಂಡಕ್ಕೆ ಸುರಿದು ಬಂದು ಮತ್ತೆ ಹಲಸು ಕೊಯ್ಯಲು ಕೂರುತ್ತಿದ್ದಳು. ಅವಳು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆಟಿಯ ಮೊದಲ ದಿನ ನಾನು ಬಸ್ಸು ಹತ್ತಿ ಪಾಣೆಮಂಗಳೂರಿಗೆ ಹಮೀದ್ ಕಾಕನ ಮನೆಗೆ ಹೋದೆ. ಹಮೀದ್ ಕಾಕ ನನ್ನ ಹಳೆಯ ಗೆಳೆಯ. ಎಲ್ಲರೂ ಕಾಕ ಎನ್ನುವುದರಿಂದ ನನಗೂ ಕಾಕನೇ. ಗಲ್ಫಿನಲ್ಲಿ ಇಪ್ಪತ್ತಾರು ವರ್ಷ ದುಡಿದು ಬಂದವನು. ಅಲ್ಲಿ ಅವನ ಕೆಲಸ ಏನೆಂದು ನಾನು ಆವರೆಗೆ ಸರಿಯಾಗಿ ಕೇಳಿರಲಿಲ್ಲ. "ಏಸಿ ಕೆಲಸ" ಎಂದರೆ ಏಸಿ ಕೋಣೆಯಲ್ಲಿ ಕೂರುವ ಕೆಲಸ ಎಂದುಕೊಂಡಿದ್ದೆ. ನಿಜವಾಗಿ ಅವನು ದೊಡ್ಡ ದೊಡ್ಡ ಶೀತಲ ಗೋದಾಮುಗಳ ಗೋಡೆಗಳಿಗೂ ಕೊಳವೆಗಳಿಗೂ ಹೊದಿಕೆ ಹಾಕುವವರ ಮೇಸ್ತ್ರಿಯಾಗಿದ್ದ, ಹೊರಗಿನ ಮರಳುಗಾಡಿನ ಬಿಸಿ ಒಳಗೆ ಬಾರದ ಹಾಗೆ.

"ನಮಗೆ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಬೇಕು" ಎಂದೆ.

"ಎರಡೂ ಒಂದೇ ಮಾಷ್ಟ್ರೇ. ಅಂಗಿ ಅದೇ, ತಿರುಗಿಸಿ ಹಾಕುವುದು. ನಡೀರಿ, ನೋಡುವ."

ಕೊಡೆ ಮಡಚಿ ಕೋಣೆಯೊಳಗೆ ಬಂದವನು ಸುತ್ತ ನೋಡಿದ. ಆಮೇಲೆ ಕಿಟಕಿಗಳನ್ನು ಬೆರಳು ಮಡಚಿ ಎಣಿಸಿದ. ಆರನೆಯದಕ್ಕೆ ಇನ್ನೊಂದು ಕೈ ಬೇಕಾಯಿತು.

"ಇದನ್ನು ಯಾರು ಇಡಿಸಿದ್ದು?"

ಹೆಂಗಸರೆಲ್ಲ ಒಟ್ಟಿಗೆ ಬೇರೆ ಕಡೆ ನೋಡಿದರು. ಅವರ ಆ ಗೌರವವನ್ನು ನಾನು ಸಾಯುವವರೆಗೂ ಮರೆಯಲಾರೆ.

"ನಾನು" ಎಂದೆ.

"ಅಲ್ಲಾ ಮಾರಾಯ್ರೆ, ನೀವು ಮಕ್ಕಳಿಗೆ ಎಂತ ಕಲಿಸ್ತಿದ್ದದ್ದು?"

ಅವನು ಮುಂದೆ ಮಾಡಿದ್ದು ನನ್ನ ಪಾಠಗಳಲ್ಲಿ ಎಲ್ಲಿಯೂ ಇರದ ಪ್ರಯೋಗ. ಒಲೆಯ ಹತ್ತಿರ ಚಳಿ ಕಾಯಿಸುತ್ತ ಕೂತಿದ್ದ ತಿಮ್ಮಪ್ಪಣ್ಣನನ್ನು ಒಳಗೆ ಕರೆದು ಒಂದು ಬೀಡಿ ಹಚ್ಚಲು ಹೇಳಿದ. ತಿಮ್ಮಪ್ಪಣ್ಣ ಸುನಂದಾಳ ಮಾವ, ಎಂಬತ್ತರ ಹತ್ತಿರದ ಮುದುಕ. ಇಷ್ಟು ದಿನ ಕೋಣೆಯೊಳಗೆ ಬೀಡಿ ಸೇದಬಾರದೆಂದು ಸೊಸೆಯಿಂದ ಬೈಸಿಕೊಂಡವನಿಗೆ ಈ ಆಹ್ವಾನ ನಂಬಲಾಗಲಿಲ್ಲ. ಅವನು ಬಿಟ್ಟ ಹೊಗೆ ನಡುಕೋಣೆಯಲ್ಲಿ ಒಂದು ಕ್ಷಣವೂ ನಿಲ್ಲದೆ, ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ, ನಾನು ಒಡೆಸಿದ ಹೊಸ ಕಿಟಕಿಯಿಂದಲೇ ಹೊರಗೆ ಓಡಿತು. ಗಾಳಿಕಂಡಿಯ ಕೆಳಗೆ ಬಿಟ್ಟದ್ದು ಮೇಲಕ್ಕೆ ಹಾರಿತು. ಹಂಚಿನ ಸಂದಿಗಳಲ್ಲಿ ಮಾಯವಾಯಿತು.

"ನೋಡಿದಿರಾ? ನಿಮ್ಮ ಗೆರಟೆಯ ಬಿಸಿಯೂ ಇದೇ ದಾರಿ ಹಿಡಿದದ್ದು" ಎಂದ ಹಮೀದ್ ಕಾಕ. ಗೋಡೆಗೆ ಅಂಗೈಯ ಹಿಂಬದಿ ಇಟ್ಟು, ಡಾಕ್ಟರು ಹಣೆ ಮುಟ್ಟಿದ ಹಾಗೆ ಮುಟ್ಟಿದ. "ಇದು ಮಳೆ ಕುಡಿದ ಕಲ್ಲು. ಒಳಗಿನ ಬಿಸಿಯನ್ನೆಲ್ಲ ಇದು ಹೀರಿಕೊಂಡು ಹೊರಗೆ ಕೊಡ್ತದೆ. ಒಳಗಿನಿಂದ ಒಂದು ಹೊದಿಕೆ ಬೇಕು. ಗಾಳಿ ಓಡಾಡಿದರೆ ಕಳ್ಳ, ಕೂತರೆ ಕಂಬಳಿ. ಗಾಳಿಯನ್ನು ಕೂರಿಸುವಂಥದ್ದು ಎಂತದಾದರೂ ಹಾಕುವ. ಅಲ್ಲಿ ನಾವು ಗಾಜಿನ ನಾರಿನದು ಹಾಕ್ತಿದ್ದೆವು. ಅದು ತಿನ್ನುವ ಸಾಮಾನಿನ ಹತ್ತಿರ ಆಗುವುದಿಲ್ಲ. ಚೂರು ಬಿದ್ದರೆ ಗಂಟಲಿಗೆ ಕೇಡು."

"ಬೈಹುಲ್ಲು ಆದೀತಾ?" ಎಂದಳು ಸುನಂದಾ.

ಹಮೀದ್ ಕಾಕ ಅವಳನ್ನು ನೋಡಿದ. "ಆದೀತಾ ಅಂತ ಕೇಳ್ತೀಯಾ ಮಗಳೇ? ಒಂದೊಂದು ಕಡ್ಡಿಯೂ ಟೊಳ್ಳು. ಒಳಗೆ ಕೂತ ಗಾಳಿ ಹೊರಗೆ ಬರುವುದಿಲ್ಲ. ಆದರೆ ಬಿಗಿಯಾಗಿ ಕಟ್ಟುವವರು ಬೇಕು. ಸಡಿಲ ಆದರೆ ಪ್ರಯೋಜನ ಇಲ್ಲ."

ಎಲ್ಲರ ಕಣ್ಣು ತಿಮ್ಮಪ್ಪಣ್ಣನ ಕಡೆಗೆ ಹೋಯಿತು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು, ಗುಂಡಗೆ ಮುಡಿ ಕಟ್ಟುವ ವಿದ್ಯೆ ನಮ್ಮೂರಿನಲ್ಲಿ ಉಳಿದದ್ದು ಅವನೊಬ್ಬನ ಕೈಯಲ್ಲಿ. ಅವನು ಕಟ್ಟಿದ ಮುಡಿಯೊಳಗೆ ಮಳೆಗಾಲವಿಡೀ ಇಟ್ಟರೂ ಅಕ್ಕಿಗೆ ತೇವ ಹತ್ತದು. ಈಚೆಗೆ ಮದುವೆಮನೆಗಳ ಅಲಂಕಾರಕ್ಕೆ ಮಾತ್ರ ಅವನನ್ನು ಕರೆಯುತ್ತಿದ್ದರು. ಕಿಟಕಿಗೆ ಸರಿಯಾಗಿ ಕೂರುವ ಮುಡಿಗಳನ್ನು ಕಟ್ಟಿ ತುರುಕಿದರೆ ಹೇಗೆ ಎಂದು ಕೇಳಿದೆವು.

"ಒಳಗೆ ಅಕ್ಕಿ?" ಎಂದ ತಿಮ್ಮಪ್ಪಣ್ಣ.

"ಅಕ್ಕಿ ಇಲ್ಲ, ಬರೀ ಹುಲ್ಲು."

"ಹಾಗಾದರೆ ಆಗುವುದಿಲ್ಲ. ಖಾಲಿ ಮುಡಿ ಕಟ್ಟಿದ ಕೈ ಅಲ್ಲ ಇದು. ಖಾಲಿ ಮುಡಿ ಕಟ್ಟಿದರೆ ಮನೆಗೆ ಒಳ್ಳೆಯದಲ್ಲ."

"ಮಾವ, ಮದುವೆಮನೆಯಲ್ಲಿ ಕಟ್ಟುವುದು?"

"ಅದರಲ್ಲಿಯೂ ಒಂದು ಸೇರು ಹಾಕ್ತೇನೆ. ಅವರಿಗೆ ಗೊತ್ತಿಲ್ಲ."

ಕೈಯಲ್ಲಿರುವುದು ಹದಿನೈದೇ ದಿನ. ಹಮೀದ್ ಕಾಕ ಸಿದ್ಧ, ಹುಲ್ಲು ಸಿದ್ಧ. ಇಡೀ ಕಾರ್ಯ ಮುದುಕನ ಧರ್ಮಸಂಕಟಕ್ಕೆ ಸಿಕ್ಕಿಕೊಂಡಿತು. ಅಕ್ಕಿ ಹಾಕಿದರೆ ಇಲಿಗಳು ಕುಟುಂಬ ಸಮೇತ ಬರುತ್ತವೆ. ನಾನು ವಿಜ್ಞಾನದ ಭಾಷೆಯಲ್ಲಿ ವಿವರಿಸಿದೆ, ಅವನು ಕಿವುಡನಾದ. ಹಮೀದ್ ಕಾಕ ಗಲ್ಫಿನ ಉದಾಹರಣೆ ಕೊಟ್ಟ. "ಅಲ್ಲಿ ಅಕ್ಕಿ ಬೆಳೆಯುವುದಿಲ್ಲವಲ್ಲ" ಎಂದುಬಿಟ್ಟ ಮುದುಕ. ಕೊನೆಗೆ ಸುನಂದಾ ಅವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತಳು.

"ಮಾವ, ಉಮಿ ಹಾಕಿದರೆ ಆದೀತಾ?"

"ಉಮಿಯಾ?"

"ಅಕ್ಕಿಯ ಅಂಗಿಯಲ್ಲವಾ ಅದು? ಹುಟ್ಟಿದಾಗಿನಿಂದ ಅದರ ಮೈಗೆ ಅಂಟಿಕೊಂಡೇ ಇದ್ದದ್ದು."

ಮುದುಕ ಬಹಳ ಹೊತ್ತು ಯೋಚಿಸಿದ. ಶಾಸ್ತ್ರವನ್ನು ಒಳಗೇ ತಿರುವಿಹಾಕುತ್ತಿದ್ದ ಹಾಗೆ ಕಂಡ. ಆಮೇಲೆ ತಲೆ ಆಡಿಸಿ, "ಉಮಿಯಾದರೆ ಖಾಲಿ ಅನ್ನಲಿಕ್ಕೆ ಬರುವುದಿಲ್ಲ" ಎಂದು ತೀರ್ಪು ಕೊಟ್ಟ. ಹಮೀದ್ ಕಾಕನಿಗೆ ಆದ ಸಂತೋಷ ನೋಡಬೇಕಿತ್ತು. ಬರೀ ಹುಲ್ಲಿಗಿಂತ ಉಮಿ ತುಂಬಿದ ಹುಲ್ಲು ಎಷ್ಟೋ ಮೇಲು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮುದುಕನ ಮುಂದೆ ಹೇಳದಿರುವಷ್ಟು ಬುದ್ಧಿಯೂ ಇತ್ತು.

ಆಮೇಲಿನ ಒಂದು ವಾರ ನನ್ನ ನಿವೃತ್ತ ಜೀವನದ ಅತ್ಯಂತ ಸುಖದ ವಾರ. ಅಕ್ಕಿ ಗಿರಣಿಯಿಂದ ಚೀಲ ಚೀಲ ಉಮಿ ಬಂತು. ಜಗಲಿಯಲ್ಲಿ ಕೂತು ತಿಮ್ಮಪ್ಪಣ್ಣ ಮುಡಿ ಕಟ್ಟುತ್ತಿದ್ದ. ಹುಲ್ಲನ್ನು ಹರಡಿ, ಉಮಿ ಸುರಿದು, ಅಂಚುಗಳನ್ನು ಮೇಲೆತ್ತಿ, ಮಂಡಿಯಿಂದ ಒತ್ತಿ, ಹಗ್ಗ ಎಳೆದಾಗಲೆಲ್ಲ "ಹೂಂ" ಎಂದು ಸದ್ದು ಮಾಡುತ್ತಿದ್ದ. ಬೀಡಿ ಸುತ್ತಿ ಪಳಗಿದ ಐವರು ಹೆಂಗಸರ ಬೆರಳುಗಳಿಗೆ ಹುಲ್ಲಿನ ಹಗ್ಗ ಹೊಸೆಯುವುದು ಎರಡೇ ದಿನದಲ್ಲಿ ಬಂತು. ಮೂರನೆಯ ದಿನ ಮುದುಕ, "ನಿಮ್ಮದು ನನ್ನದಕ್ಕಿಂತ ಸಪೂರ ಆಗ್ತದೆ, ಆದರೆ ಹೇಳಿಕೊಂಡು ತಿರುಗಬೇಡಿ" ಎಂದ. ಗೋಡೆಯಿಂದ ಒಂದು ಗೇಣು ಬಿಟ್ಟು ಬಿದಿರಿನ ತಟ್ಟಿ ನಿಲ್ಲಿಸಿ ಸಂದಿಗೆ ಉಮಿ ತುಂಬಿದೆವು. ಮಾಡಿನ ಕೆಳಗೆ ಹಲಗೆ ಹೊಡೆದು ಅದರ ಮೇಲೆ ಉಮಿಯ ಚೀಲ ಹಾಸಿದೆವು. ಬಿಸಿ ಕೊಳವೆಯ ಹತ್ತಿರ ಹುಲ್ಲಿನ ಒಂದು ಕಡ್ಡಿಯೂ ಸುಳಿಯದ ಹಾಗೆ ಹಮೀದ್ ಕಾಕ ಕಲ್ಲಿನ ಕಟ್ಟೆ ಕಟ್ಟಿಸಿದ. ಪ್ರತಿದಿನ ಬೆಳಿಗ್ಗೆ ಪಾಣೆಮಂಗಳೂರಿನಿಂದ ಬಂದು, ಮಧ್ಯಾಹ್ನದ ನಮಾಜಿಗೆ ಜಗಲಿಯ ಒಂದು ಮೂಲೆ ಗುಡಿಸಿಕೊಂಡು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಿದ್ದ. ನಾನು ಒಡೆಸಿದ ಎರಡು ಕಿಟಕಿಗಳನ್ನು ಮುಚ್ಚುವ ಗೌರವವನ್ನು ಅವನು ನನಗೇ ಕೊಟ್ಟ. ಮುಡಿಯನ್ನು ಹೆಗಲು ಕೊಟ್ಟು ತುರುಕುವಾಗ "ಇನ್ನೂ ಒತ್ತಿ ಮಾಷ್ಟ್ರೇ, ಪ್ರಾಯಶ್ಚಿತ್ತ ಬಿಗಿಯಾಗಿರಬೇಕು" ಎನ್ನುತ್ತಿದ್ದ.

ಆಟಿಯ ಹತ್ತನೆಯ ದಿನ ಮತ್ತೆ ಬೀಡಿ ಪರೀಕ್ಷೆ. ಹೊಗೆ ನಡುಕೋಣೆಯಲ್ಲಿ ನಿಂತು, ಎಲ್ಲಿ ಹೋಗುವುದೆಂದು ತಿಳಿಯದೆ ತಿಮ್ಮಪ್ಪಣ್ಣನ ತಲೆಯ ಸುತ್ತ ಸುತ್ತಿತು. ಒಲೆ ಹಚ್ಚಿದೆವು. ಮೊದಲಿನ ಅರ್ಧದಷ್ಟೂ ಗೆರಟೆ ಹಾಕಿರಲಿಲ್ಲ. ಥರ್ಮಾಮೀಟರಿನ ಪಾದರಸ ನೂರು ದಾಟಿತು, ನೂರಾ ನಾಲ್ಕು ದಾಟಿತು. ಒಡೆದೀತೆಂದು ಹೆದರಿ ನಾನು ಅದನ್ನು ಹೊರಗೆ ತಂದೆ. ಕೋಣೆಗೆ ಭರ್ಜರಿ ಜ್ವರ ಬಂದಿತ್ತು. ಬೆಚ್ಚಗಾದ ಹುಲ್ಲು ಘಮ್ಮೆಂದಿತು. ಹೊರಗೆ ಜಡಿಮಳೆ. ಹೆಂಗಸರು ಚಾಪೆಗಳ ಮೇಲೆ ಹಪ್ಪಳ ಹರಡಿ, ಬಾಗಿಲು ಬಿಗಿದು, ನಗುನಗುತ್ತ ಮನೆಗೆ ಹೋದರು. ನಾನು ಆ ದಿನ ಹೆಂಡತಿಗೆ ಉಷ್ಣದ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳು ಕೇಳಿದಳೋ ಇಲ್ಲವೋ ನಾನು ವಿಚಾರಿಸಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಹಲಗೆಯಿಂದ ಹನಿ ಹನಿ ನೀರು. ಚಾಪೆ ಒದ್ದೆ. ಹಪ್ಪಳವನ್ನು ಎತ್ತಿದರೆ ಬೇಯಿಸಿದ ಕೆಸುವಿನ ಎಲೆಯ ಹಾಗೆ ಜೋತುಬಿತ್ತು. ಬಿಸಿ ಒಂದು ಚೂರೂ ಹೊರಗೆ ಹೋಗಿರಲಿಲ್ಲ, ನಿಜ. ನೀರೂ ಹೋಗಿರಲಿಲ್ಲ.

ನಾನು ಜಗಲಿಯಲ್ಲಿ ಕೂತುಬಿಟ್ಟೆ. ಉಳಿದದ್ದು ಐದು ದಿನ. ಹಮೀದ್ ಕಾಕ ಸಹ ಗಡ್ಡ ತುರಿಸಿಕೊಂಡು, "ನಮ್ಮ ಗೋದಾಮಿನಲ್ಲಿ ಒಳಗೆ ಒದ್ದೆ ಸಾಮಾನು ಇಡ್ತಿರಲಿಲ್ಲ. ಇದು ನನಗೆ ಹೊಸತು" ಎಂದ. ಸುನಂದಾ ಕೋಣೆಯ ನಡುವೆ ನಿಂತು ಮೇಲೆ ನೋಡುತ್ತಿದ್ದಳು. ಒಂದು ಹನಿ ಅವಳ ಹಣೆಗೆ ಬಿತ್ತು. ಅವಳು ಅದನ್ನು ಒರೆಸಿಕೊಂಡು ಹೊರಗೆ ಬಂದಳು.

"ಮಾಷ್ಟ್ರೇ, ಇದು ಕಡುಬಿನ ಅಟ್ಟಿನಳಗೆಯ ಹಾಗೆ ಆಯ್ತಲ್ಲ. ಮುಚ್ಚಳ ಬಿಗಿಯಾದರೆ ಆವಿ ಮೇಲೆ ಹೋಗಿ ಕಡುಬಿನ ಮೇಲೆಯೇ ಸುರಿಯುವುದು. ಸ್ವಲ್ಪ ಓರೆ ಇಟ್ಟರೆ ಸರಿ. ಒಂದು ಸಣ್ಣ ತೂತು ಬೇಡವಾ ಇದಕ್ಕೆ?"

"ತೂತು ಇಟ್ಟರೆ ಬಿಸಿ ಹೋಗ್ತದಲ್ಲ" ಎಂದೆ ನಾನು, ಮೊನ್ನೆ ಮೊನ್ನೆ ಮತಾಂತರಗೊಂಡವನ ಕಟ್ಟುನಿಟ್ಟಿನಿಂದ.

"ಸ್ವಲ್ಪ ಹೋಗ್ಲಿ. ಬೆವರನ್ನು ಕರ್ಕೊಂಡು ಹೋಗ್ಲಿ. ಆರು ಕಿಟಕಿ ಬೇಡ, ಒಂದು ಅಂಗೈಯಷ್ಟು ಸಾಕು."

ಆವಿಯಾಗುವುದರ ಪಾಠ ನಮ್ಮ ಪುಸ್ತಕದಲ್ಲಿ ಉಷ್ಣ ಪ್ರಸರಣದ ಪಾಠಕ್ಕಿಂತ ಬೇರೆಯಾಗಿತ್ತು. ಎರಡನ್ನೂ ನಾನು ಬೇರೆ ಬೇರೆ ತಿಂಗಳಲ್ಲಿ ಕಲಿಸುತ್ತಿದ್ದೆ. ಅವೆರಡೂ ಒಂದೇ ಕೋಣೆಯಲ್ಲಿ, ಒಂದೇ ಹಪ್ಪಳದ ಮೇಲೆ, ಒಂದೇ ಹೊತ್ತಿಗೆ ನಡೆಯಬಹುದೆಂದು ಮೂವತ್ತು ವರ್ಷ ನನಗೂ ಹೊಳೆದಿರಲಿಲ್ಲ, ಯಾವ ಇನ್‌ಸ್ಪೆಕ್ಟರೂ ಕೇಳಿರಲಿಲ್ಲ. ಹಮೀದ್ ಕಾಕ ಆ ದಿನವೇ ಮಾಡಿನ ತುದಿಯಲ್ಲಿ ಒಂದು ತಗಡಿನ ನಳಿಗೆ ಕೂರಿಸಿ, ಬೇಕಾದಷ್ಟೇ ತೆರೆಯುವ ಹಾಗೆ ಅದಕ್ಕೊಂದು ಮುಚ್ಚಳ ಇಟ್ಟ. ಕೆಳಗೆ, ಬಿಸಿ ಕೊಳವೆಯ ಪಕ್ಕದಲ್ಲಿ, ಗಾಳಿ ಒಳಗೆ ಬರಲು ಅಂಗೈಯಷ್ಟು ಕಂಡಿ ತೆರೆದ. ಮುಚ್ಚಳವನ್ನು ಎಷ್ಟು ತೆರೆಯಬೇಕೆಂಬುದನ್ನು ಸುನಂದಾ ಕೋಣೆಗೆ ತಲೆ ಹಾಕಿ ಕೆನ್ನೆಯಿಂದಲೇ ತಿಳಿಯುತ್ತಿದ್ದಳು. "ಈಗ ಒಂದು ಬೆರಳು ಸಾಕು" ಎನ್ನುತ್ತಿದ್ದಳು. ನಾನು ಥರ್ಮಾಮೀಟರನ್ನು ಮನೆಗೆ ತೆಗೆದುಕೊಂಡು ಹೋದೆ. ಅದರ ಸೇವೆ ಇನ್ನು ಬೇಕಿರಲಿಲ್ಲ.

ಮೂರನೆಯ ದಿನ ಒಂದು ಹಪ್ಪಳವನ್ನು ಎತ್ತಿ ಅವಳು ಕಿವಿಯ ಹತ್ತಿರ ಮುರಿದಳು. ಟಕ್ ಎಂದಿತು. ಇನ್ನೊಂದು ಮುರಿದಳು. ಆಮೇಲೆ ನಾವೆಲ್ಲರೂ ಒಂದೊಂದು ಮುರಿದೆವು. ತಿಮ್ಮಪ್ಪಣ್ಣ ಎರಡು ಮುರಿದ. ಸುನಂದಾ ಚಾಪೆಗೆ ಅಡ್ಡ ನಿಂತು "ಸಾಕು, ಪರೀಕ್ಷೆಗೆ ಉಳಿಸುವ" ಎಂದಳು.

ಆಟಿಯ ನಡುವಿಗೆ ಸರಿಯಾಗಿ ಡಬ್ಬಿ ತುಂಬಿತು. ಪ್ರಶ್ನೆಪತ್ರಿಕೆಯ ಕಟ್ಟಿನ ಹಾಗೆ ಅದರ ಬಾಯಿಗೆ ಕಾಗದ ಅಂಟಿಸಿ ನಾನು ರುಜು ಹಾಕಿದೆ. ಪದ್ಮರಾಜರೂ ರುಜು ಹಾಕಿ ತಮ್ಮ ಮನೆಗೆ ಒಯ್ದರು. ಆ ಹದಿನೈದು ದಿನ ಮಳೆ ಒಂದು ಗಳಿಗೆಯೂ ನಿಲ್ಲಲಿಲ್ಲ. ನಮ್ಮ ಮನೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ, ನನ್ನ ಅಭಿನಂದನಾ ಪತ್ರದ ಚೌಕಟ್ಟಿಗೆ ಎಲ್ಲ ಬೂಷ್ಟು ಬಂತು. ಒಂದೊಂದನ್ನು ಕಂಡಾಗಲೂ ಡಬ್ಬಿಯ ನೆನಪಾಗುತ್ತಿತ್ತು. ಸುನಂದಾ ಮಾತ್ರ ಹಪ್ಪಳ ಮಾಡುತ್ತಲೇ ಇದ್ದಳು. ಕೋಣೆ ಕೈತಪ್ಪಿದರೆ ಏನು ಮಾಡುತ್ತೀ ಎಂದು ಒಮ್ಮೆ ಕೇಳಿದ್ದಕ್ಕೆ, "ಬ್ರಾಂಚಿನವರು ನನ್ನ ಹೆಸರನ್ನು ಇನ್ನೂ ಹೊಡೆದು ಹಾಕಲಿಲ್ಲವಂತೆ" ಎಂದು ಮಾತ್ರ ಹೇಳಿ ಒಲೆಗೆ ಗೆರಟೆ ಹಾಕಲು ಹೋದಳು.

ಸೋಣ ಸಂಕ್ರಮಣದ ದಿನ ಪದ್ಮರಾಜರು ಡಬ್ಬಿ ಹಿಡಿದುಕೊಂಡು ಬರುವಾಗ ಸಂಜೆಯಾಗಿತ್ತು. ಮಳೆ ಹಿಡಿದುಕೊಂಡು ಎಷ್ಟು ಕತ್ತಲೆಯೆಂದರೆ ಕೋಳಿಗಳು ಆಗಲೇ ಗೂಡು ಸೇರಿದ್ದವು. ಕೋಣೆಯೊಳಗೆ ನೋಡುವ ಹಾಗಿರಲಿಲ್ಲ, ಕಿಟಕಿಯಲ್ಲೆಲ್ಲ ಮುಡಿ. ಜಗಲಿಯಲ್ಲಿಯೇ ಡಬ್ಬಿಯ ಕಾಗದ ಹರಿದೆವು. ಪದ್ಮರಾಜರು ಕನ್ನಡಕ ಒರೆಸಿಕೊಂಡು ಒಂದೊಂದೇ ಹಪ್ಪಳವನ್ನು ಬೆಳಕಿಗೆ ಹಿಡಿದು ಎರಡೂ ಬದಿ ನೋಡಿದರು. ಎಲ್ಲವನ್ನೂ ನೋಡಿದರು. ಹಮೀದ್ ಕಾಕ ಟೊಪ್ಪಿ ತೆಗೆದು ಮತ್ತೆ ಹಾಕಿಕೊಂಡ. ಯಾರೂ ಕೆಮ್ಮಲಿಲ್ಲ, ಸುನಂದಾ ಸಹ.

"ಜೀವ ಇಲ್ಲ" ಎಂದರು ಪದ್ಮರಾಜರು.

ಅದಕ್ಕಿಂತ ಸಂತೋಷದ ಮಾತನ್ನು ನಾನು ಕೇಳಿಲ್ಲ. ಆದರೆ ಒಪ್ಪಂದ ನೋಡುವುದಲ್ಲ, ತಿನ್ನುವುದು. ಸುನಂದಾ ಎಣ್ಣೆ ಕಾಯಲಿಟ್ಟಳು. ಪದ್ಮರಾಜರು ಆಕಾಶ ನೋಡಿ, "ಹೊತ್ತು ಮುಳುಗಿತಾ ಹೇಗೆ?" ಎಂದರು. ನಾನು ಮೊಬೈಲ್ ತೆಗೆದು ಸೂರ್ಯಾಸ್ತಕ್ಕೆ ಇನ್ನೂ ಕಾಲು ಗಂಟೆ ಇದೆ ಎಂದು ತೋರಿಸಿದೆ. ಅವರು ಮೊಬೈಲನ್ನು ನೋಡಲೇ ಇಲ್ಲ. "ನಮ್ಮ ತಂದೆಯವರು ಹೇಳ್ತಿದ್ದರು, ಅಂಗೈಯ ಗೆರೆ ಕಂಡರೆ ಹಗಲು" ಎಂದು ಜಗಲಿಯ ಅಂಚಿಗೆ ಹೋಗಿ, ಮಳೆಯ ಬೆಳಕಿಗೆ ಕೈ ಚಾಚಿ, ಬಗ್ಗಿ ನೋಡಿದರು. ನಾವೆಲ್ಲರೂ ಅವರ ಕೈಯನ್ನೇ ನೋಡಿದೆವು.

"ಆಯುಷ್ಯದ ಗೆರೆ ಕಾಣುತ್ತದೆ" ಎಂದರು. "ಬೇಗ ಕೊಡಿ."

ಹಪ್ಪಳ ಎಣ್ಣೆಗೆ ಬಿದ್ದು ಅರಳಿತು. ಪದ್ಮರಾಜರು ಕೂತು, ಮುರಿದು, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು. ಮಳೆಯ ಸದ್ದಿನ ನಡುವೆಯೂ ಆ ಸದ್ದು ನಮಗೆಲ್ಲ ಕೇಳಿಸಿತು. ಎರಡನೆಯದಕ್ಕೆ ಕೈ ಚಾಚಿದರು. ಮೂರನೆಯದಕ್ಕೆ ಮೊದಲು ಮತ್ತೊಮ್ಮೆ ಅಂಗೈ ನೋಡಿಕೊಂಡು, ನಿಟ್ಟುಸಿರು ಬಿಟ್ಟು, ಕೈ ತೊಳೆದರು.

"ಶಾಮಿಯಾನದವರಿಗೆ ನಾನೇ ಹೇಳ್ತೇನೆ" ಎಂದರು. ಆಮೇಲೆ ತಮ್ಮ ಕೋಣೆಗೆ ನಾವೇನು ಮಾಡಿದ್ದೇವೆಂದು ನೋಡುವ ಕುತೂಹಲ ಹುಟ್ಟಿ, ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು, ಹೊಸ್ತಿಲ ಮೇಲೆ ನಿಂತು, "ಅಬ್ಬಾ, ಬಿಸಿಯೇ! ಮುಡಿ ಕಟ್ಟಿ ಹೀಗೂ ಮಾಡ್ತಾರಾ! ಗೋಡೆಗೆ ಇದು ಎಂತ, ತಟ್ಟಿಯಾ?" ಎಂದು ಒಂದೊಂದನ್ನೇ ಬೆರಳು ತೋರಿಸಿ ಕೇಳತೊಡಗಿದರು. ಒಳಗೆ ಆ ದಿನದ ಹಪ್ಪಳ ಚಾಪೆಯ ಮೇಲಿತ್ತು. ಅವರ ಕಾಲಿನ ಬದಿಯಿಂದ ಮಳೆಗಾಳಿ ನುಗ್ಗುತ್ತಿತ್ತು.

ಸುನಂದಾ ಬಾಣಲೆ ಇಳಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಅವರ ಮುಂದೆ ಹೋಗಿ ನಿಂತಳು.

"ದಣಿಗಳೇ, ಒಳಗೆ ಬರುವುದಾದರೆ ಬನ್ನಿ, ಹೊರಗೆ ನಿಲ್ಲುವುದಾದರೆ ನಿಲ್ಲಿ. ಬಾಗಿಲಲ್ಲಿ ನಿಲ್ಲಬೇಡಿ, ಬಿಸಿ ಹೋಗ್ತದೆ."

ಪದ್ಮರಾಜರು ಒಂದು ಕ್ಷಣ ಅವಳ ಮುಖ ನೋಡಿದರು. ಆಮೇಲೆ, ತರಗತಿಗೆ ತಡವಾಗಿ ಬಂದ ಹುಡುಗನ ಹಾಗೆ, ಬೇಗ ಬೇಗ ಹಿಂದೆ ಸರಿದು, ಜಗಲಿಯನ್ನೂ ದಾಟಿ ಮಳೆಗೆ ಇಳಿದರು.